ಕಂದಿನ ಪಯಣ

ಬಾಳೆಹಣ್ಣೊಂದನ್ನು ಅಡ್ಡಲಾಗಿ ಕೊಯ್ದು ಬೆಳಕಿಗೆ ಹಿಡಿದರೆ, ತಿರುಳಿನ ನಡುವೆ ಮೂರು ಪಾಲಾಗಿ ನಿಂತ ಕಪ್ಪು ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ. ನಾಲಗೆಗೆ ತಿಳಿಯದಷ್ಟು ಮೃದುವಾದ ಈ ಚುಕ್ಕೆಗಳು ಬೀಜವಾಗಬೇಕಾಗಿದ್ದು, ಆಗದೆ ಉಳಿದವು. ಕಾಡಿನ ಬಾಳೆಯಲ್ಲಿ ಇವೇ ಮೆಣಸಿನ ಕಾಳಿನ ಗಾತ್ರಕ್ಕೆ ಬೆಳೆದು, ಕಲ್ಲಿನಂತೆ ಗಟ್ಟಿಯಾಗಿ, ಹಣ್ಣಿನ ಒಡಲನ್ನೆಲ್ಲ ತುಂಬಿಕೊಂಡಿರುತ್ತವೆ. ತಿನ್ನಹೋದವನಿಗೆ ದಕ್ಕುವುದು ಅವುಗಳ ಸುತ್ತ ಅಂಟಿರುವ ತೆಳುವಾದ ತಿರುಳು ಮಾತ್ರ. ಆ ಹಣ್ಣು ಈ ಹಣ್ಣಾಗುವುದಕ್ಕೆ ಸಹಸ್ರಾರು ವರ್ಷಗಳೂ ಲೆಕ್ಕವಿಲ್ಲದಷ್ಟು ಮನುಷ್ಯರ ಕೈಗಳೂ ಬೇಕಾದುವು.

ಸಸ್ಯಶಾಸ್ತ್ರಜ್ಞರು ಇಂದಿನ ಬಾಳೆಗಳ ವಂಶವನ್ನು ಮುಖ್ಯವಾಗಿ ಎರಡು ಕಾಡುಜಾತಿಗಳಲ್ಲಿ ಗುರುತಿಸುತ್ತಾರೆ: ಆಗ್ನೇಯ ಏಷ್ಯದಿಂದ ನ್ಯೂಗಿನಿಯವರೆಗೆ ಹಬ್ಬಿದ, ಸಿಹಿಯನ್ನು ಕೊಟ್ಟ ಮೂಸಾ ಅಕ್ಯುಮಿನೇಟಾ, ನೀರಿನ ಕೊರತೆಯನ್ನು ತಾಳಬಲ್ಲ ಗಟ್ಟಿ ಮೈಯ ಮೂಸಾ ಬಾಲ್ಬಿಸಿಯಾನಾ. ನಮ್ಮ ಏಲಕ್ಕಿಬಾಳೆಯೂ ರಸಬಾಳೆಯೂ ಈ ಎರಡರ ರಕ್ತವೂ ಬೆರೆತ ಸಂತಾನವೇ. ಬಾಳೆಯ ಕೃಷಿಯ ಅತಿ ಪುರಾತನವಾದ ಸಾಕ್ಷ್ಯವು ದೊರೆತಿರುವುದು ಪಪುವಾ ನ್ಯೂಗಿನಿಯ ಎತ್ತರದ ಕಣಿವೆಯೊಂದರಲ್ಲಿರುವ ಕೂಕ್ ಎಂಬ ಜೌಗು ನೆಲದಲ್ಲಿ. ಬಾಳೆಯಂಥ ಮೆತ್ತನೆಯ ಗಿಡವು ಕೊಳೆತುಹೋದ ಮೇಲೆ ತನ್ನ ಗುರುತನ್ನು ಉಳಿಸೀತೆ? ಉಳಿಸುತ್ತದೆ: ಅದರ ಎಲೆಯ ಕೋಶಗಳಲ್ಲಿ ಕೂಡಿದ ಸಿಲಿಕಾ ಕಣಗಳು ಮಣ್ಣಿನಲ್ಲಿ ಅಳಿಯದೆ ನಿಲ್ಲುತ್ತವೆ. ಸುಮಾರು 7000 ವರ್ಷಗಳ ಹಿಂದೆ ಮಣ್ಣನ್ನು ದಿಬ್ಬವಾಗಿ ಏರಿಸಿ ಅಲ್ಲಿಯ ಜನ ಬಾಳೆಯನ್ನು ನೆಟ್ಟಿದ್ದರೆಂಬುದನ್ನು ಈ ಕಣಗಳೇ ಹೇಳಿದುವು. 2008ರಲ್ಲಿ ಆ ನೆಲವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಪರಾಗದ ಸ್ಪರ್ಶವಿಲ್ಲದೆಯೇ ಕಾಯಿ ದಪ್ಪಗಾಗುವ, ಬೀಜ ವಿರಳವಾದ ಗಿಡವೊಂದು ಕಣ್ಣಿಗೆ ಬಿದ್ದಾಗ, ಅದರ ಬುಡದ ಕಂದನ್ನು ಕಿತ್ತು ಬೇರೆಡೆ ಊರುವುದು, ಊರು ಬಿಟ್ಟು ಹೊರಟಾಗ ದೋಣಿಯಲ್ಲಿಟ್ಟುಕೊಂಡು ಹೋಗುವುದು: ಆದಿಯ ಬೇಸಾಯಗಾರರು ಮಾಡಿದುದು ಇಷ್ಟೇ. ಆದರೆ ಹೀಗೆ ಬೇರೆ ಬೇರೆ ದ್ವೀಪಗಳ ಬಾಳೆಗಳು ಒಂದೆಡೆ ಕೂಡಿ ಸಂಕರಗೊಂಡಾಗ, 22 ವರ್ಣತಂತುಗಳಿರಬೇಕಾದಲ್ಲಿ 33 ಇರುವ ಬಂಜೆ ಸಂತಾನವೂ ಹುಟ್ಟಿತು. ಬೀಜವು ನಿಂತುಹೋಯಿತು, ಗೊನೆ ತುಂಬಿತು. ಒಮ್ಮೆ ಗೊನೆ ಹಾಕಿದ ತಾಯಿಯನ್ನು ನಾವು ಕಡಿದುಬಿಡುತ್ತೇವೆ; ಬುಡದಲ್ಲಿ ತಲೆಯೆತ್ತಿದ ಕಂದು ನೋಟಕ್ಕೆ ಮಗುವಿನಂತಿದ್ದರೂ ಅದು ಮಗುವಲ್ಲ, ಆ ತಾಯಿಯೇ. ನಾವಿಂದು ಸುಲಿಯುವ ಹಣ್ಣಿನ ಗಿಡವು, ಹೆಸರಿಲ್ಲದ ಯಾವನೋ ಪೂರ್ವಿಕನು ಮೆಚ್ಚಿ ಎತ್ತಿಕೊಂಡ ಗಿಡದ ಮುಂದುವರಿಕೆಯೇ ಆಗಿದೆಯೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕೃತಜ್ಞತೆಯಿಂದ ಬಾಗುತ್ತದೆ.

ಬೀಜವಿಲ್ಲದ ಮೇಲೆ ಹಕ್ಕಿಯಾಗಲಿ ಬಾವಲಿಯಾಗಲಿ ಈ ಬಾಳೆಯನ್ನು ಹರಡಲಾರದು. ಹೋದಲ್ಲೆಲ್ಲ ಅದು ಹೋದುದು ಮನುಷ್ಯನ ಕೈಹಿಡಿದೇ. ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕಕ್ಕೆ ಹೋಗಿ, ಉಗಾಂಡದಲ್ಲಿ ‘ಮತೋಕೆ’ಯೆಂಬ ನಿತ್ಯದ ಅನ್ನವಾಯಿತು. 1516ರಲ್ಲಿ ತೋಮಾಸ್ ದೆ ಬೆರ್ಲಾಂಗಾ ಎಂಬ ಪಾದ್ರಿ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ನಿನ ಹಿಸ್ಪಾನಿಯೋಲಾಕ್ಕೆ ಕಂದುಗಳನ್ನು ಒಯ್ದರು. 1830ರ ದಶಕದಲ್ಲಿ ಮಾರಿಷಸ್ಸಿನಿಂದ ಇಂಗ್ಲೆಂಡಿಗೆ ಬಂದ ಗಿಡವೊಂದನ್ನು ಚಾಟ್ಸ್‌ವರ್ತ್ ಅರಮನೆಯ ಗಾಜಿನ ಮನೆಯಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಬೆಳೆಸಿ, ತನ್ನ ಒಡೆಯನ ಮನೆತನದ ಹೆಸರಿನಿಂದ ಕ್ಯಾವೆಂಡಿಷ್ ಎಂದು ಕರೆದನು; ನಮ್ಮ ಸಂತೆಯ ಪಚ್ಚಬಾಳೆಯೂ ಆ ಬಳಗದ್ದೇ.

ಆದರೆ ಒಂದೇ ಗಿಡ ಸಾವಿರವಾದಾಗ, ಒಂದರ ವ್ಯಾಧಿ ಸಾವಿರದ ವ್ಯಾಧಿಯೂ ಆಗುತ್ತದೆ. ಪನಾಮಾ ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ದಶಕಗಟ್ಟಲೆ ಅಡಗಿದ್ದು, ಬೇರಿನ ಮೂಲಕ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಲೋಕದ ಪೇಟೆಯನ್ನೆಲ್ಲ ಆಳುತ್ತಿದ್ದ ಗ್ರೋ ಮಿಷೆಲ್ ತಳಿಯ ತೋಟಗಳು ಇದರಿಂದಲೇ 1960ರ ವೇಳೆಗೆ ನೆಲಕಚ್ಚಿ, ಆ ಸ್ಥಾನಕ್ಕೆ ಕ್ಯಾವೆಂಡಿಷ್ ಬಂದಿತು. ಈಗ ಅದೇ ಶಿಲೀಂಧ್ರದ ಹೊಸ ರೂಪವೊಂದು ಕ್ಯಾವೆಂಡಿಷನ್ನೂ ಕೊಲ್ಲುತ್ತ 2019ರಲ್ಲಿ ಕೊಲಂಬಿಯಾವನ್ನು ಮುಟ್ಟಿದೆ. ನಂಜನಗೂಡಿನ ರಸಬಾಳೆ ಅಪರೂಪವಾದುದೂ ಈ ಸೊರಗಿನಿಂದಲೇ. ಅಲ್ಲಿ ಕಂದನ್ನು ನೆಡಹೊರಟ ರೈತನು ಮೊದಲು ಗೆಡ್ಡೆಯನ್ನು ಒಂದಿಷ್ಟು ಕೆತ್ತಿ, ಕೆಂಗಂದು ಗೆರೆಯೇನಾದರೂ ಮೂಡಿದೆಯೇ ಎಂದು ನೋಡುತ್ತಾನೆ. ಗೆಡ್ಡೆ ಬೆಳ್ಳಗಿದ್ದರೆ ಮಾತ್ರ ಗುಣಿಗೆ ಇಳಿಸಿ, ಬುಡದ ಮಣ್ಣನ್ನು ಮೆಲ್ಲಗೆ ತುಳಿಯುತ್ತಾನೆ.