ಸ್ವಾಪ್ ಅಂದ್ರೆ ಎಕ್ಸ್‌ಟ್ರಾ ರ‍್ಯಾಮ್ ಅಲ್ಲ, ಮನೆಯ ಅಟ್ಟ

ಇವತ್ತು ಲಿನಕ್ಸ್‌ನ ಸ್ವಾಪ್ ಬಗ್ಗೆ ಮಾತಾಡೋಣ. ಮೊದಲು ನನ್ನದೇ ಒಂದು ತಪ್ಪು ಹೇಳ್ತೀನಿ.

ಎಂಟೆಕ್ ಪ್ರಾಜೆಕ್ಟ್ ಸಬ್‌ಮಿಷನ್‌ಗೆ ಎರಡೇ ದಿನ ಬಾಕಿ. 4 ಜಿಬಿ ರ‍್ಯಾಮ್ ಇದ್ದ ಲ್ಯಾಪ್‌ಟಾಪ್ ತೆವಳ್ತಿತ್ತು. ಸ್ವಾಪ್ ಬಳಕೆ ಆಗ್ತಿರೋದು ನೋಡಿ, ಇದೇ ಕಳ್ಳ ಅಂದ್ಕೊಂಡು ಅದನ್ನ ಆಫ್ ಮಾಡಿ, ಪ್ರೋಗ್ರಾಂ ಓಡಿಸಿ ಮಲಗಿದೆ. ಬೆಳಿಗ್ಗೆ ಟರ್ಮಿನಲ್‌ನಲ್ಲಿ ಒಂದೇ ಪದ: ಕಿಲ್ಡ್. ಇಡೀ ರಾತ್ರಿಯ ಲೆಕ್ಕ ಹೋಯ್ತು!

ಕೊಂದಿದ್ದು ಯಾರು? ಕರ್ನಲ್ಲೇ. ಮೆಮೊರಿ ಪೂರ್ತಿ ಮುಗಿದಾಗ ಯಾವುದಾದರೂ ಪ್ರೋಗ್ರಾಂ ಸಾಯಿಸಿ ಜಾಗ ಮಾಡ್ಕೊಳ್ಳುತ್ತೆ. ಅದಕ್ಕೆ ಊಮ್ ಕಿಲ್ಲರ್ ಅಂತಾರೆ.

ಈಗ ನನ್ನ ಪುಣೆ ಫ್ಲಾಟಿನ ಅಡುಗೆಮನೆ ನೋಡಿ. ಕೈಗೆ ಸಿಗೋ ಶೆಲ್ಫೇ ರ‍್ಯಾಮ್. ಅದರ ಮೇಲೆ ಎರಡು ಥರದ ಸಾಮಾನು. ಒಂದು, ಕೆಳಗಿನ ಕಿರಾಣಿ ಅಂಗಡಿಯ ಬೇಳೆ, ಸಕ್ಕರೆ. ತೆಗೆದುಬಿಟ್ರೂ ಮತ್ತೆ ತರಬಹುದು. ಡಿಸ್ಕ್‌ನಲ್ಲಿರೋ ಫೈಲುಗಳಿಂದ ಓದಿದ ಡೇಟಾ, ಪ್ರೋಗ್ರಾಂ ಕೋಡ್ ಇದೇ ಥರ. ಇನ್ನೊಂದು, ಅಮ್ಮ ಊರಿಂದ ಕಳಿಸಿದ ಉಪ್ಪಿನಕಾಯಿ ಭರಣಿ. ಅದು ಯಾವ ಅಂಗಡಿಯಲ್ಲೂ ಸಿಗಲ್ಲ. ಪ್ರೋಗ್ರಾಂ ಲೆಕ್ಕ ಹಾಕಿ ರ‍್ಯಾಮ್‌ನಲ್ಲಿ ಇಟ್ಕೊಂಡ ಡೇಟಾ ಹೀಗೆ, ಬೇರೆಲ್ಲೂ ಅದರ ಪ್ರತಿ ಇಲ್ಲ.

ಅಟ್ಟ ಇದ್ರೆ, ಸದ್ಯಕ್ಕೆ ಬೇಡದ ಭರಣಿ ಮೇಲಕ್ಕೆ ಹೋಗುತ್ತೆ. ಆ ಅಟ್ಟವೇ ಡಿಸ್ಕ್‌ನಲ್ಲಿರೋ ಸ್ವಾಪ್. ಅಟ್ಟ ಇಲ್ದಿದ್ರೆ ಭರಣಿಗಳು ಶೆಲ್ಫ್ ಬಿಟ್ಟು ಕದಲಲ್ಲ. ಆಗ ಬೇಳೆ, ಸಕ್ಕರೆ ತೆಗೀಬೇಕು, ಮತ್ತೆ ಮತ್ತೆ ಅಂಗಡಿಗೆ ಓಡಬೇಕು. ಅಂದ್ರೆ ಸ್ವಾಪ್ ಆಫ್ ಮಾಡಿದ್ರೂ ಮಷೀನ್ ತೆವಳಬಹುದು!

ಹಾಗಂತ ಅಟ್ಟದಲ್ಲಿಟ್ಟು ಅಡುಗೆ ಮಾಡೋಕಾಗಲ್ಲ. ರ‍್ಯಾಮ್‌ನಿಂದ ಓದೋಕೆ ಸುಮಾರು 100 ನ್ಯಾನೋಸೆಕೆಂಡ್ ಸಾಕು. ಎಸ್‌ಎಸ್‌ಡಿಗೆ ಅದರ ಸಾವಿರ ಪಟ್ಟು, ತಿರುಗುವ ಹಾರ್ಡ್ ಡಿಸ್ಕ್‌ಗೆ ಲಕ್ಷ ಪಟ್ಟು ಹೊತ್ತು ಬೇಕಾಗಬಹುದು.

ಹಾಗಾಗಿ ಸ್ವಾಪ್‌ನಲ್ಲಿ 1 ಜಿಬಿ ತುಂಬಿದೆ ಅಂತ ಗಾಬರಿ ಬೇಡ. ಅಟ್ಟದಲ್ಲಿ ಸಾಮಾನು ಇರೋದು ತೊಂದರೆ ಅಲ್ಲ, ದಿನವಿಡೀ ಏಣಿ ಹತ್ತಿ ಇಳಿಯೋದು ತೊಂದರೆ. ಟರ್ಮಿನಲ್‌ನಲ್ಲಿ 'ವಿಎಂಸ್ಟ್ಯಾಟ್ 1' ಕೊಟ್ಟು ಎಸ್‌ಐ, ಎಸ್‌ಒ ಕಾಲಂ ನೋಡಿ. ಹೆಚ್ಚು ಹೊತ್ತು ಸೊನ್ನೆ ಇದ್ರೆ ಸ್ವಾಪ್ ನಿಮ್ಮನ್ನ ಕಾಡ್ತಿಲ್ಲ. ಎರಡರಲ್ಲೂ ಬಿಡದೆ ದೊಡ್ಡ ಅಂಕಿ ಬರ್ತಿದ್ರೆ ರ‍್ಯಾಮ್ ಸಾಲ್ತಿಲ್ಲ ಅಂತ ಅರ್ಥ.

ಇನ್ನೊಂದು ತಪ್ಪು ಕಲ್ಪನೆ. ಸ್ವಾಪಿನೆಸ್ ಸಾಮಾನ್ಯವಾಗಿ 60 ಇರುತ್ತೆ. ರ‍್ಯಾಮ್ 60% ತುಂಬಿದ ಮೇಲೆ ಸ್ವಾಪ್ ಶುರು ಅಂತಲ್ಲ ಅದು. ಜಾಗ ಬೇಕಾದಾಗ ಬೇಳೆ ತೆಗೀಬೇಕಾ, ಭರಣಿ ಎತ್ತಿಡಬೇಕಾ ಅನ್ನೋ ಒಲವು, ಅಷ್ಟೇ.

ನನ್ನ ಪ್ರಾಜೆಕ್ಟ್? ಸ್ವಾಪ್ ಮತ್ತೆ ಆನ್ ಮಾಡಿದೆ. ಅದಕ್ಕಿಂತ ಮುಖ್ಯವಾಗಿ, ಡೇಟಾ ಎಲ್ಲ ಒಮ್ಮೆಲೇ ಓದದೆ ತುಂಡು ತುಂಡಾಗಿ ಓದೋ ಹಾಗೆ ಕೋಡ್ ತಿದ್ದಿದೆ. ಸಬ್‌ಮಿಷನ್ ದಿನ ಬೆಳಗಿನ ಜಾವ ರಿಸಲ್ಟ್ ಬಂತು. ಸ್ವಾಪ್ ಟೈಮ್ ಕೊಡುತ್ತೆ, ಕೋಡ್ ನಾವೇ ತಿದ್ದಬೇಕು.