ಹಿಮ್ಮೇಳಕ್ಕೆ ಬಾಯಿ ಬಂದ ಬಗೆ

1964ರ ಆಗಸ್ಟ್. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕ್ಯಾಥೊಲಿಕ್ ಪೂಜಾವಿಧಿಯ ರಾಷ್ಟ್ರೀಯ ಸಮ್ಮೇಳನ. ಆ ದೇಶದಲ್ಲಿ ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬಲಿಪೂಜೆ ನಡೆದದ್ದು ಅಲ್ಲೇ ಮೊದಲು. ಅಲ್ಲಿ ಕಪ್ಪು ಜನಾಂಗದ ಯುವ ಪಾದ್ರಿಯೊಬ್ಬರು ತಾವೇ ಸ್ವರ ಕೂಡಿಸಿದ ‘ಗಾಡ್ ಈಸ್ ಲವ್’ ಹಾಡಿದರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪೂಜೆಯಲ್ಲಿ ಚಪ್ಪಾಳೆ! ಮಡಿವಂತರ ಮುಖ ಹೇಗಾಗಿರಬೇಡ.

ಅವರು ಫಾದರ್ ಕ್ಲಾರೆನ್ಸ್ ಜೋಸೆಫ್ ರಿವರ್ಸ್. 1931ರಲ್ಲಿ ಅಲಬಾಮಾದ ಸೆಲ್ಮಾದಲ್ಲಿ ಹುಟ್ಟಿ, ಸಿನ್ಸಿನಾಟಿಯಲ್ಲಿ ಬೆಳೆದು, 1956ರಲ್ಲಿ ಗುರುದೀಕ್ಷೆ ಪಡೆದವರು. ಸಿನ್ಸಿನಾಟಿ ಧರ್ಮಪ್ರಾಂತ್ಯಕ್ಕೆ ಅವರೇ ಮೊದಲ ಆಫ್ರಿಕನ್ ಅಮೆರಿಕನ್ ಗುರು. ಚರ್ಚಿನ ಹಳೆಯ ಗ್ರೆಗೋರಿಯನ್ ಗಾಯನಕ್ಕೆ ತಾಳದ ಕಟ್ಟಿಲ್ಲ. ಮಂತ್ರ ಹೇಳಿದ ಹಾಗೆ ಒಂದೇ ಎಳೆಯಲ್ಲಿ ಸಾಗುತ್ತದೆ. ಅದರ ಮಗ್ಗುಲಿಗೆ ರಿವರ್ಸ್ ತಮ್ಮ ಜನರ ಸ್ಪಿರಿಚುವಲ್ ಹಾಡುಗಳನ್ನೂ ಜಾಝನ್ನೂ ತಂದು ಕೂರಿಸಿದರು. 1963ರ ‘ಆ್ಯನ್ ಅಮೆರಿಕನ್ ಮಾಸ್ ಪ್ರೋಗ್ರಾಂ’ ಈ ಕೂಡಾವಳಿಯ ಫಲ. ಜಾಝಿನಲ್ಲಿ ಪೆಟ್ಟು ನಾವು ಕಾಯುವ ಜಾಗ ಬಿಟ್ಟು ಹಿಂದೆಯೋ ಮುಂದೆಯೋ ಬೀಳುತ್ತದೆ. ಅತೀತ, ಅನಾಗತ ಎಂದು ಎಡುಪು (ತಾಳದಲ್ಲಿ ಹಾಡು ಎತ್ತುವ ಜಾಗ) ಬಲ್ಲ ನಮ್ಮ ಮೃದಂಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಿವರ್ಸ್ ಮಾಡಿದ ದೊಡ್ಡ ಬದಲಾವಣೆ ಮಾತ್ರ ಲಯದ್ದಲ್ಲ, ಬಾಯಿಯದು ಎಂದು ನನ್ನ ಎಣಿಕೆ. ಒಬ್ಬ ಎತ್ತಿಕೊಡಬೇಕು, ಮಿಕ್ಕವರು ಹಿಡಿದು ತಿರುಗಿಸಿ ಕೊಡಬೇಕು. ಬಳ್ಳಾರಿ ಜಿಲ್ಲೆಯ ಬಂಡ್ರಿ, ಸಂಡೂರು ಕಡೆಯ ಭಜನೆಯಲ್ಲಿ ನಡೆಯುವುದೂ ಇದೇ ತಾನೆ: ಮುಂದಿನವನು ಪಲ್ಲವಿ ಎತ್ತಿದರೆ ಹಿಮ್ಮೇಳದವರು ತಾಳ, ದಮ್ಮಡಿಯ ಜೊತೆ ಅದನ್ನು ಕಸಿದುಕೊಂಡಂತೆ ಹಾಡುತ್ತಾರೆ. ಕಪ್ಪು ಜನರ ಹಾಡಿಗೆ ಈ ಗುಣ ಆಫ್ರಿಕಾದಿಂದ ಬಂತು, ಹತ್ತಿಹೊಲಗಳ ದುಡಿಮೆಯಲ್ಲಿ ಉಳಿದು ಬೆಳೆಯಿತು, ಅಲ್ಲಿಂದ ಜಾಝಿಗೆ ಇಳಿಯಿತು. ಅಲ್ಲಿ ಟ್ರಂಪೆಟ್ ಕೇಳುತ್ತದೆ, ಸ್ಯಾಕ್ಸೊಫೋನ್ ಉತ್ತರ ಕೊಡುತ್ತದೆ.

ಈ ಹಾಡಿಗೆ ಬಾಗಿಲು ತೆರೆಯಲು ಇಷ್ಟು ಕಾಲ ಯಾಕೆ ಬೇಕಾಯಿತು? 1903ರ ನವೆಂಬರಿನಲ್ಲಿ ಪೋಪ್ ಹತ್ತನೆಯ ಪಯಸ್ ಹೊರಡಿಸಿದ ಆಜ್ಞೆ ಪಿಯಾನೊ, ಡ್ರಮ್, ಝಲ್ಲರಿಗಳನ್ನು ಚರ್ಚಿನಿಂದ ಹೊರಗಿಟ್ಟಿತು. ಗಲಾಟೆಯ ವಾದ್ಯಗಳೆಂಬುದು ಕಾರಣ. ತಮಾಷೆ ನೋಡಿ: ಗೋವಾದ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ, ಪಿಟೀಲು ಕಲಿತ ಹುಡುಗರೇ ಮುಂಬೈಯ ಹೋಟೆಲುಗಳಲ್ಲಿ ಜಾಝ್ ಬಾರಿಸಿ, ಹಿಂದಿ ಸಿನಿಮಾದ ವಾದ್ಯಗೋಷ್ಠಿಗಳನ್ನು ತುಂಬಿದರು. ಕಲಿಸಿದ್ದು ಚರ್ಚು, ಕೇಳಿದ್ದು ಊರೆಲ್ಲ.

ಕನ್ನಡದಲ್ಲಿ ಇಂಥದೊಂದು ಸಾಹಸ ರಿವರ್ಸ್‌ಗಿಂತ ನೂರು ವರ್ಷ ಮೊದಲೇ ನಡೆದಿತ್ತು. ಅದು ಪ್ರಾಟೆಸ್ಟಂಟ್ ಮಿಷನ್ನುಗಳಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರತೊಡಗಿದರು. ಮಾತು ಕನ್ನಡವಾಯಿತು, ಹಾಡಿನ ಧಾಟಿ ಯುರೋಪಿನದೇ ಉಳಿಯಿತು. ಆ ಧಾಟಿಯನ್ನೇ ಬದಲಿಸಲು ಹೊರಟವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಂದ ಈ ಜರ್ಮನ್ ಪಾದ್ರಿ ಕನ್ನಡ ಕಲಿತಂತೆಯೇ ಇಲ್ಲಿನ ಆಚಾರ, ಸಂಗೀತಗಳನ್ನೂ ಕಲಿತರು. 1862ರಲ್ಲಿ ಅವರ ‘ಕಥಾಮಾಲೆ’ ಬಂತು: ಯೇಸುವಿನ ಚರಿತ್ರೆ, ನಮ್ಮ ಛಂದಸ್ಸಿನಲ್ಲಿ, ನಮ್ಮ ಗೇಯದ ಧಾಟಿಯಲ್ಲಿ. ಮಿಷನ್ನಿನವರಿಗೆ ಇದು ರುಚಿಸಲಿಲ್ಲ. ಹೆಚ್ಚಿನವರು ದಕ್ಷಿಣ ಜರ್ಮನಿಯವರು. ಕಿಟೆಲ್ ಉತ್ತರದವರು, ಮೇಲಾಗಿ ಓದಿದವರು. ದೇಶಿ ಸಂಗೀತದ ಗೀಳು ಅವರನ್ನು ಇನ್ನಷ್ಟು ಅಂಚಿಗೆ ತಳ್ಳಿತು.

ಕಿಟೆಲ್ ಸುಮ್ಮನೆ ಕೂರಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. 1894ರಲ್ಲಿ ಎಪ್ಪತ್ತು ಸಾವಿರ ಪದಗಳ ನಿಘಂಟು ಮುಗಿಸಿದರು. ಹಾಡು ಕಟ್ಟಲು ಹೊರಟವರು ಹಾಡಿನ ಮಾತ್ರೆ–ಗಣಗಳ ಬೆನ್ನುಹತ್ತಿ ವಿದ್ವಾಂಸರಾದರು ಎನ್ನಬೇಕು. ರಿವರ್ಸ್‌ಗೆ ಇದ್ದದ್ದು ಇವರಿಗೆ ಇರಲಿಲ್ಲ: ರಿವರ್ಸ್ ಹುಟ್ಟಿನಿಂದ ಕೇಳಿದ ಹಾಡನ್ನೇ ಚರ್ಚಿಗೆ ಒಯ್ದರು, ಕಿಟೆಲ್ ಪರರ ಹಾಡನ್ನು ಕಲಿತು ತಂದರು. ಕಲಿತು ತಂದದ್ದಕ್ಕೆ ಎರಡೂ ಕಡೆಯ ಅನುಮಾನ ತಪ್ಪಿದ್ದಲ್ಲ.

ಕ್ಯಾಥೊಲಿಕರ ಬಿಗಿ ಸಡಿಲಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. 1963ರ ಡಿಸೆಂಬರ್ 4ರ ಅದರ ಪೂಜಾವಿಧಿ ಸಂವಿಧಾನ ಜನರ ಭಾಷೆಗೆ ದಾರಿ ಬಿಟ್ಟಿತು. ಸ್ವಂತ ಸಂಗೀತ ಪರಂಪರೆಯುಳ್ಳ ಜನಾಂಗಗಳ ಸಂಗೀತಕ್ಕೆ ತಕ್ಕ ಸ್ಥಾನ ಕೊಡಿ ಎಂದಿತು. ಸೇಂಟ್ ಲೂಯಿಸಿನ ಹಾಡು ಅದರ ಬೆನ್ನಿಗೇ ಬಂದದ್ದು. ಬೆಂಗಳೂರಿನಲ್ಲಿ ಫಾದರ್ ಡಿ. ಎಸ್. ಅಮಲೋರ್ಪವದಾಸ್ 1967ರಲ್ಲಿ ಬೈಬಲ್, ಧರ್ಮಬೋಧೆ, ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ ಎನ್‌ಬಿಸಿಎಲ್‌ಸಿ ಕಟ್ಟಿದರು. 1969ರಲ್ಲಿ ಪೂಜೆಯೊಳಗೆ ಆರತಿ, ಅಂಜಲಿ ಸೇರಿದ ಹನ್ನೆರಡು ಭಾರತೀಯ ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ತಬಲ, ಹಾರ್ಮೋನಿಯಂ, ಭಜನೆ ಬಲಿಪೀಠದ ಪಕ್ಕಕ್ಕೆ ಬಂದವು.

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ, ನಿಘಂಟಿನ ಹೆಸರಲ್ಲಿ. ‘ಕಥಾಮಾಲೆ’ ಮಾತ್ರ ಸಂಶೋಧಕರ ಕಪಾಟು ಸೇರಿದೆ. ನಮ್ಮ ಗಮಕಿಗಳು ಯಾರಾದರೂ ಅದನ್ನೊಮ್ಮೆ ಬಾಯಿಬಿಟ್ಟು ಹಾಡಿ ನೋಡಲಿ, ಹಾಡುವುದಕ್ಕೆಂದೇ ಬರೆದದ್ದು.