ಪದೇ ಪದೇ ಜಾಮ್ ಆಗುವ .22 ರಿಮ್‌ಫೈರ್ ಪಿಸ್ತೂಲು: ಆಯುಧ ಪರವಾನಗಿದಾರರಿಗೆ ಮಾಹಿತಿ

ಯಾದಗಿರಿ, ಶಹಾಪುರ ಹಾಗೂ ಸುರಪುರ ಭಾಗದ ಆಯುಧ ಪರವಾನಗಿದಾರರ ಪೈಕಿ .22 ರಿಮ್‌ಫೈರ್ ಪಿಸ್ತೂಲು ಹೊಂದಿರುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪಿಸ್ತೂಲು ಜಾಮ್ ಆದಾಗ ಪರವಾನಗಿದಾರರು ಸ್ವತಃ ಏನು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು ಮತ್ತು ದುರಸ್ತಿಯನ್ನು ಯಾರಿಂದ ಮಾಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಶುಚಿಗೊಳಿಸುವುದು ಪರವಾನಗಿದಾರರ ಕೆಲಸ; ದುರಸ್ತಿಯು ಅದಕ್ಕೆಂದೇ ಪರವಾನಗಿ ಪಡೆದವರ ಕೆಲಸ. ಈ ವ್ಯತ್ಯಾಸವನ್ನು ಎಲ್ಲರೂ ಗಮನದಲ್ಲಿಡತಕ್ಕದ್ದು.

1. ಜಾಮ್ ಆದ ಕೂಡಲೇ ಅನುಸರಿಸಬೇಕಾದ ಕ್ರಮ

ಜಾಮ್ ಆದ ಪಿಸ್ತೂಲಿನಲ್ಲಿ ಗುಂಡು ಇದೆ ಎಂದೇ ಭಾವಿಸಬೇಕು. ಬೆರಳನ್ನು ಕುದುರೆಯಿಂದ ತೆಗೆದು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಕೆಲವೊಮ್ಮೆ ತೋಟಾ ತಡವಾಗಿ ಸಿಡಿಯುವ ಸಂಭವವಿರುತ್ತದೆ. ನಂತರ ಮ್ಯಾಗಜಿನ್ ಹೊರತೆಗೆದು, ಸ್ಲೈಡನ್ನು ಹಿಂದಕ್ಕೆ ಎಳೆದು, ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ನಳಿಗೆಯ ಬಾಯಿಯಿಂದ ಒಳಗೆ ಇಣುಕಬಾರದು.

ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿಬಂದಲ್ಲಿ ಮತ್ತೊಂದು ಗುಂಡನ್ನು ಯಾವುದೇ ಕಾರಣಕ್ಕೂ ಹಾರಿಸಬಾರದು. ಹಿಂದಿನ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿದ್ದರೆ ಮುಂದಿನ ಗುಂಡಿಗೆ ನಳಿಗೆ ಸೀಳಿ ಕೈಗೆ ಹಾನಿಯಾಗಬಹುದು.

2. ರಿಮ್‌ಫೈರ್ ತೋಟಾದ ವಿಶೇಷತೆ

ಇತರ ಬಹುತೇಕ ಪಿಸ್ತೂಲುಗಳ ತೋಟಾದಲ್ಲಿ ಸಿಡಿಮದ್ದು ತಳದ ಮಧ್ಯಭಾಗದಲ್ಲಿರುತ್ತದೆ. ರಿಮ್‌ಫೈರ್ ತೋಟಾದಲ್ಲಿ ಅದು ತಳದ ಅಂಚಿನ ಮಡಿಕೆಯೊಳಗೆ ಹರಡಿರುತ್ತದೆ. 1887ರಲ್ಲಿ ಅಮೆರಿಕದಲ್ಲಿ ರೂಪುಗೊಂಡ .22 ಲಾಂಗ್ ರೈಫಲ್ ತೋಟಾ ಇದೇ ಬಗೆಯದು. 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಬಳಕೆಯಾಗುವುದೂ ಇದೇ ತೋಟಾ. ಅಂಚಿನ ಯಾವುದಾದರೂ ಭಾಗದಲ್ಲಿ ಮದ್ದು ಹರಡದೆ ಉಳಿದಿದ್ದರೆ ಆ ತೋಟಾ ಸಿಡಿಯದಿರಬಹುದು. ಇದರ ಸೀಸದ ಗುಂಡಿಗೆ ಹೊರಗಿನಿಂದ ಮೇಣ ಅಥವಾ ಜಿಡ್ಡಿನ ಲೇಪವಿರುವುದರಿಂದ ಧೂಳು ಸುಲಭವಾಗಿ ಅಂಟಿಕೊಳ್ಳುತ್ತದೆ. ಎರೆ ಮಣ್ಣಿನ ಧೂಳು ಹಾಗೂ ಬಿರುಬೇಸಿಗೆ ಇರುವ ನಮ್ಮ ಭಾಗದಲ್ಲಿ ಈ ಅಂಶ ಮುಖ್ಯವಾದುದು.

3. ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

(ಅ) ಕುದುರೆ ಎಳೆದರೂ ಸಿಡಿಯದಿರುವುದು: ತೋಟಾದ ಅಂಚಿನ ಮೇಲಿನ ಗುರುತನ್ನು ನೋಡುವುದು. ಗುರುತು ಆಳವಾಗಿದ್ದರೆ ದೋಷವು ಬಹುತೇಕ ತೋಟಾದ್ದು. ಗುರುತು ತೆಳುವಾಗಿದ್ದರೆ ಫೈರಿಂಗ್ ಪಿನ್ ಬಳಿ ಕೊಳೆ ಸೇರಿರಬಹುದು, ಅಥವಾ ಪಿನ್ ಇಲ್ಲವೇ ಸ್ಪ್ರಿಂಗ್ ಸವೆದಿರಬಹುದು.

(ಆ) ಮ್ಯಾಗಜಿನ್‌ನಿಂದ ತೋಟಾ ಮೇಲೇರದಿರುವುದು: ಮೇಲಿನ ತೋಟಾದ ಅಂಚು ಕೆಳಗಿನ ತೋಟಾದ ಅಂಚಿಗಿಂತ ಮುಂದಿರಬೇಕು. ಹಿಂದೆ ಸರಿದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಮ್ಯಾಗಜಿನ್ ಬಾಯಿ ಬಾಗಿರುವುದು, ಸ್ಪ್ರಿಂಗ್ ಸೋತಿರುವುದು ಇತರ ಕಾರಣಗಳು.

(ಇ) ಖಾಲಿ ಕೊಳವೆ ಚೇಂಬರ್‌ನಲ್ಲೇ ಉಳಿಯುವುದು: ಚೇಂಬರ್‌ನಲ್ಲಿ ಮಸಿ ಮತ್ತು ಮೇಣ ಕಟ್ಟಿರುವುದು, ಅಥವಾ ಕೊಳವೆಯನ್ನು ಎಳೆಯುವ ಕೊಕ್ಕೆ ಸವೆದಿರುವುದು ಕಾರಣ.

(ಈ) ಖಾಲಿ ಕೊಳವೆ ಸ್ಲೈಡಿಗೆ ಸಿಕ್ಕಿ ನಿಲ್ಲುವುದು: ತೋಟಾದ ಶಕ್ತಿ ಸ್ಲೈಡನ್ನು ಪೂರ್ಣವಾಗಿ ಹಿಂದಕ್ಕೆ ತಳ್ಳಲು ಸಾಲದಿದ್ದಾಗ ಹೀಗಾಗುತ್ತದೆ. ಸಾಮಾನ್ಯ ವೇಗದ ತೋಟಾದ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್, ಅಧಿಕ ವೇಗದ್ದು ಸುಮಾರು 380 ಮೀಟರ್ ವೇಗದಲ್ಲಿ ಸಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಬಗೆಯನ್ನೇ ಬಳಸಬೇಕು. ಹಿಡಿತ ಸಡಿಲವಾಗಿದ್ದರೂ ಇದೇ ತೊಂದರೆ ಕಂಡುಬರುತ್ತದೆ.

4. ಪರವಾನಗಿದಾರರು ಸ್ವತಃ ಮಾಡಬಹುದಾದದ್ದು

ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಕೈಪಿಡಿಯಂತೆ ಪಿಸ್ತೂಲನ್ನು ಬಿಚ್ಚಿ, ನಳಿಗೆ, ಚೇಂಬರ್, ಕೊಕ್ಕೆ ಹಾಗೂ ಮ್ಯಾಗಜಿನ್‌ಗಳನ್ನು ಬ್ರಷ್ ಮತ್ತು ಬಟ್ಟೆಯಿಂದ ಶುಚಿಗೊಳಿಸುವುದು. ಎಣ್ಣೆಯನ್ನು ತೆಳುವಾಗಿ ಮಾತ್ರ ಸವರುವುದು. ಹೆಚ್ಚಾದ ಎಣ್ಣೆ ಧೂಳನ್ನು ಹಿಡಿದಿಡುತ್ತದೆ. ಖಾಲಿ ಚೇಂಬರ್ ಮೇಲೆ ಕುದುರೆಯನ್ನು ಪದೇ ಪದೇ ಎಳೆಯಬಾರದು. ಹಲವು ರಿಮ್‌ಫೈರ್ ಪಿಸ್ತೂಲುಗಳಲ್ಲಿ ಪಿನ್ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಎರಡೂ ಹಾಳಾಗುತ್ತವೆ.

ಚುನಾವಣೆಯ ಸಂದರ್ಭದಲ್ಲಿ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ಮರಳಿ ಪಡೆದ ಪಿಸ್ತೂಲಿನಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿರುವ ಸಾಧ್ಯತೆ ಇದೆ. ಅಂತಹ ಪಿಸ್ತೂಲನ್ನು ಶುಚಿಗೊಳಿಸಿದ ನಂತರವೇ ಬಳಸಬೇಕು.

ಶುಚಿಗೊಳಿಸಿದ ಮೇಲೆ ಬೇರೊಂದು ಮ್ಯಾಗಜಿನ್, ಆನಂತರ ಬೇರೆ ತಯಾರಿಕೆಯ ತೋಟಾ, ಹೀಗೆ ಒಂದೊಂದನ್ನೇ ಬದಲಿಸಿ ಪರೀಕ್ಷಿಸಿದರೆ ದೋಷವಿರುವ ಜಾಗ ತಿಳಿಯುತ್ತದೆ. ಪರೀಕ್ಷೆಯನ್ನು ಅನುಮತಿ ಪಡೆದ ಶೂಟಿಂಗ್ ರೇಂಜ್‌ನಲ್ಲಿ ಮಾತ್ರ ನಡೆಸಬೇಕು. ಹೊಲದಲ್ಲಾಗಲಿ ಮನೆಯ ಮಾಳಿಗೆಯ ಮೇಲಾಗಲಿ ನಡೆಸಬಾರದು. ಸಿಡಿಯದ ತೋಟಾಗಳನ್ನು ಎಸೆಯದೆ ಪರವಾನಗಿ ಪಡೆದ ಆಯುಧ ವ್ಯಾಪಾರಿಯನ್ನು ಸಂಪರ್ಕಿಸುವುದು.

5. ದುರಸ್ತಿಯನ್ನು ಯಾರಿಂದ ಮಾಡಿಸಬೇಕು

ಮೇಲಿನ ಕ್ರಮಗಳಿಂದಲೂ ಸರಿಹೋಗದಿದ್ದಲ್ಲಿ ಅಲ್ಲಿಗೆ ನಿಲ್ಲಿಸಬೇಕು. ಆಯುಧಗಳ ಅಧಿನಿಯಮ, 1959ರ 5ನೇ ಪ್ರಕರಣದಂತೆ ಬಂದೂಕು, ಪಿಸ್ತೂಲುಗಳ ದುರಸ್ತಿಗೆ ಪರವಾನಗಿ ಕಡ್ಡಾಯ. ಪರವಾನಗಿ ಇಲ್ಲದೆ ದುರಸ್ತಿ ಮಾಡಿದವರಿಗೆ 2019ರ ತಿದ್ದುಪಡಿಯ ನಂತರ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಕಾರಾವಾಸ ಮತ್ತು ಜುಲ್ಮಾನೆ ಇದೆ. ಊರಿನ ಕಮ್ಮಾರರಿಗೋ ಲೇತ್ ಕೆಲಸದವರಿಗೋ ಪಿನ್ನನ್ನು ಅರದಿಂದ ಉಜ್ಜಿಕೊಡುವಂತೆ ಕೇಳುವುದು ಸಣ್ಣ ಉಪಕಾರವೆಂದು ತೋರಬಹುದು. ಆದರೆ ಅದು ಅವರ ಜೀವನವನ್ನೇ ಅಪಾಯಕ್ಕೆ ಒಡ್ಡುವ ಕೆಲಸ. ಪಿಸ್ತೂಲಿನ ಮೇಲಿನ ಸಂಖ್ಯೆಯನ್ನು ಅಳಿಸುವುದು ಅಥವಾ ತಿದ್ದುವುದು ಸಹ ಅಪರಾಧವಾಗಿದೆ.

6. ದುರಸ್ತಿಗಾಗಿ ಕೊಂಡೊಯ್ಯುವಾಗ

ಪಿಸ್ತೂಲು ಖಾಲಿಯಾಗಿದ್ದು, ಮುಚ್ಚಿದ ಪೆಟ್ಟಿಗೆಯಲ್ಲಿರಬೇಕು. ಮೂಲ ಪರವಾನಗಿ ಜೊತೆಗಿರಬೇಕು. ಪರವಾನಗಿದಾರರು ವೃದ್ಧಾಪ್ಯ ಅಥವಾ ಅನಾರೋಗ್ಯದ ಕಾರಣ ಹೋಗಲಾಗದಿದ್ದಲ್ಲಿ, 3ನೇ ಪ್ರಕರಣದಂತೆ ಅವರ ಲಿಖಿತ ಅಧಿಕಾರ ಪತ್ರದ ಮೇಲೆ ಮತ್ತೊಬ್ಬರು ದುರಸ್ತಿಗಾಗಿ ಒಯ್ಯಬಹುದು. ಬಾಯಿಮಾತಿನ ಒಪ್ಪಿಗೆ ಸಾಲದು.

ಪರವಾನಗಿಯ ವ್ಯಾಪ್ತಿಯನ್ನು ಮುಂಚಿತವಾಗಿ ನೋಡಿಕೊಳ್ಳಬೇಕು. ಗುರುಮಠಕಲ್ ದಾಟಿದರೆ ತೆಲಂಗಾಣ ರಾಜ್ಯ ಆರಂಭವಾಗುತ್ತದೆ. ವ್ಯಾಪ್ತಿಯು ಕರ್ನಾಟಕಕ್ಕೆ ಸೀಮಿತವಾಗಿದ್ದಲ್ಲಿ, ಹೈದರಾಬಾದಿಗೆ ಒಯ್ಯುವ ಮೊದಲು ಪರವಾನಗಿ ಪ್ರಾಧಿಕಾರದ ಅನುಮತಿ ಪಡೆಯುವುದು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಗುಲಬರ್ಗಾದಿಂದ ಪರವಾನಗಿ ಪಡೆದವರು, ಪಿಸ್ತೂಲಿನ ಸಂಖ್ಯೆಯೂ ಪರವಾನಗಿಯಲ್ಲಿನ ನಮೂದೂ ತಾಳೆಯಾಗುವುದನ್ನು ಖಚಿತಪಡಿಸಿಕೊಳ್ಳಬೇಕು. ಪಿಸ್ತೂಲನ್ನು ಒಪ್ಪಿಸುವಾಗ ಸಂಖ್ಯೆ ಮತ್ತು ದಿನಾಂಕವಿರುವ ರಸೀದಿಯನ್ನು ತಪ್ಪದೆ ಪಡೆಯಬೇಕು.

7. ದುರಸ್ತಿ ಸಾಧ್ಯವಿಲ್ಲದಿದ್ದಲ್ಲಿ

ಕೆಟ್ಟ ಪಿಸ್ತೂಲೂ ಕಾನೂನಿನ ದೃಷ್ಟಿಯಲ್ಲಿ ಆಯುಧವೇ. ಅದನ್ನು ಬಿಸಾಡುವುದಾಗಲಿ, ಗುಜರಿಗೆ ಹಾಕುವುದಾಗಲಿ, ಪರವಾನಗಿ ಇಲ್ಲದವರಿಗೆ ಕೊಡುವುದಾಗಲಿ ಕೂಡದು. ದುರಸ್ತಿದಾರರ ಲಿಖಿತ ಅಭಿಪ್ರಾಯ ಹಾಗೂ ಪರವಾನಗಿಯ ಪ್ರತಿಯೊಂದಿಗೆ ಜಿಲ್ಲಾ ದಂಡಾಧಿಕಾರಿಗಳೂ ಆದ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಿ, ಅವರ ಸೂಚನೆಯಂತೆ ಮುಂದುವರಿಯಲು ಕೋರಲಾಗಿದೆ.